ಹಿಮದ ಕೆರೆಯ ದಡದಲ್ಲಿ ಮೂರು ಚೀಲ

"ಛೀ... ಇದೇನು ವಾಸನೆ?"

ಕೆರೆಯ ದಡದಲ್ಲಿ ಕೂತಿದ್ದ ನಿಹಾರಿಕಾ ಜಾಕೆಟ್ಟಿನ ತೋಳಿನಿಂದ ಮೂಗು ಮುಚ್ಚಿಕೊಂಡು ತಿರುಗಿದಳು. ಹಿಂದೆ ನಿಂತಿದ್ದ ಗಡ್ಡದ ಮನುಷ್ಯ ನಾಚಿ ಎರಡು ಹೆಜ್ಜೆ ಸರಿದ. ಅವನ ಬೆನ್ನಿನ ಬ್ಯಾಗಿಗೆ ಮೂರು ಚೀಲ ನೇತುಬಿದ್ದಿದ್ದವು.

ಅವು ಎಂಥ ಚೀಲ ಎಂದು ಅವಳಿಗೆ ಗೊತ್ತಿತ್ತು. ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ಬರೀ ಬಂಡೆ. ಹೂತಿಟ್ಟದ್ದು ಬೇಗ ಕೊಳೆಯುವುದಿಲ್ಲ. ಕರಗಿದ ಹಿಮವೆಲ್ಲ ಇಳಿದು ಸೇರುವುದು ಈ ಪುಟ್ಟ ಕೆರೆಗೇ. ಅದಕ್ಕೇ ಬೆಟ್ಟ ಹತ್ತಲು ಪರ್ಮಿಟ್ ಕೊಡುವಾಗ ಅರಣ್ಯ ಇಲಾಖೆಯವರು ತಲೆಗೊಂದು ಚೀಲ ಕೊಟ್ಟಿದ್ದರು. ನಿಮ್ಮ ಮಲ ನೀವೇ ಹೊತ್ತು ಕೆಳಗಿಳಿಸಬೇಕು.

ಆದರೆ ಒಂದೇ ರಾತ್ರಿಗೆ ಮೂರು ಚೀಲವೇ? ಇದು ಹೊಟ್ಟೆಯೋ, ಕಾಳು ತುಂಬುವ ಹಗೇವೋ!

"ಚಹಾ ಕುಡೀತೀರೇನ್ರೀ?" ಅವನು ಲೋಟ ಚಾಚಿದ. ಹೆಸರು ಕರಿಬಸಪ್ಪ, ಹಾವೇರಿ ಕಡೆಯಿಂದ ಈ ದೇಶಕ್ಕೆ ಬಂದವನು, ಸ್ಯಾನ್ ಪೀಡ್ರೊ ಬಂದರಿನಲ್ಲಿ ಕೆಲಸ.

"ಬೇಡ."

ಅವಳು ಎದ್ದು ಸುಮುಖನ ಪಕ್ಕ ಹೋಗಿ ಕೂತಳು. ವುಡ್‌ಲ್ಯಾಂಡ್ ಹಿಲ್ಸ್‌ನ ಸುಮುಖ ಇಷ್ಟು ಎತ್ತರದಲ್ಲೂ ಸೆಂಟು ಹಾಕಿಕೊಂಡಿದ್ದ. ಮದುವೆಗೆ ಎರಡೂ ಮನೆಯವರು ಒಪ್ಪಿಯಾಗಿತ್ತು, ಅವಳ 'ಹೂಂ' ಒಂದೇ ಬಾಕಿ. ಇವತ್ತು ಕೆಳಗಿಳಿದು ಸಿಗ್ನಲ್ ಸಿಕ್ಕ ಕೂಡಲೇ ಅಮ್ಮನಿಗೆ ಹೇಳಬೇಕಿತ್ತು.

ಕನ್ನಡ ಕೂಟದಿಂದ ಬಂದಿದ್ದ ಹದಿನಾಲ್ಕು ಮಂದಿಯೂ ಇಳಿಯತೊಡಗಿದರು. ಅರ್ಧ ದಾರಿಯಲ್ಲಿ ಅವಳು ಸುಮುಖನ ಬ್ಯಾಗು ನೋಡಿದಳು.

"ನಿನ್ನ ಚೀಲ ಎಲ್ಲಿ?"

"ಮೇಲೇ ಬಿಟ್ಟೆ. ಅದನ್ನೆಲ್ಲ ಯಾರು ಹೊರ್ತಾರೆ?"

"ಮೇಲೆ ಅಂದ್ರೆ?"

"ಕೆರೆಗೆ ಹಿಮದ ನೀರು ಬರುತ್ತಲ್ಲ, ಆ ಬಂಡೆ ಹಿಂದೆ. ಹರಿಯೋ ನೀರು, ಹೋಗುತ್ತೆ ಬಿಡು. ಆ ಕರಿಬಸಪ್ಪನ ಥರ ನಾರ್ಕೊಂಡು ಬರ್ಬೇಕಾ ನಾನು?" ಅವನು ನಕ್ಕ.

ಅದೇ ನೀರನ್ನು ಬೆಳಿಗ್ಗೆ ಅವಳು ಕುಡಿದಿದ್ದಳು. ಆದರೆ ಹೇಸಿಗೆ ಹುಟ್ಟಿದ್ದು ಚೀಲದ ಮೇಲಲ್ಲ, ಆ ನಗುವಿನ ಮೇಲೆ.

'ಇವನ ಜೊತೆ ಒಂದೇ ಮನೆ... ಜೀವನಪೂರ್ತಿ ಇವನು ಬಿಟ್ಟುಹೋದದ್ದನ್ನ ನಾನು ಎತ್ತಬೇಕು...'

ಅವಳು ತಿರುಗಿ ಮೇಲಕ್ಕೆ ಹತ್ತಿದಳು. ಎಲ್ಲರಿಗಿಂತ ಕೊನೆಯಲ್ಲಿ ಬರುತ್ತಿದ್ದ ಕರಿಬಸಪ್ಪ ಎದುರಾದ.

"ಎಲ್ಲಿಗ್ರೀ?"

"ಮೇಲೆ ಒಂದು ಚೀಲ ಉಳಿದಿದೆ. ಸುಮುಖನದು."

"ಉಳಿದಿಲ್ರೀ." ಅವನು ತಲೆ ತಗ್ಗಿಸಿದ. "ಅವ್ರು ಬಿಡೋದು ನೋಡಿದ್ದೆ. ಒಂದು ನಂದು, ಒಂದು ಯಾರೋ ಮೊದ್ಲ ಬಿಟ್ಟು ಹೋಗಿದ್ದು. ಮೂರನೇದು..."

ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಬೆಳಿಗ್ಗೆ ನಾನು ಮೂಗು ಮುಚ್ಕೊಂಡಾಗ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಮದುವಿ ಆಗೋ ಹುಡುಗ. ಅಷ್ಟು ಮಂದಿ ಮುಂದ ಹೆಂಗ ಹೇಳ್ಲಿ?" ಬ್ಯಾಗಿನ ಪಟ್ಟಿ ಬಿಗಿ ಮಾಡಿಕೊಂಡ. "ಮತ್ತ... ನಮ್ಮ ಕೂಟದ ಉಗಾದಿ ಊಟದಾಗ ನೀವು ಹೋಳಿಗಿ ಬಡಿಸಿದ್ರಿ. ನಿಮಗ ನೆನಪಿರ್ಲಿಕ್ಕಿಲ್ಲ. ಅವತ್ತಿಂದ ನಿಮ್ಮ ಮ್ಯಾಲ ನಂಗ ಮನಸ್ಸದ. ನಾ ಹೇಳಿದ್ರ, ನನ್ನ ಸ್ವಾರ್ಥಕ್ಕ ಹೇಳ್ದಂಗ ಆಗ್ತಿತ್ತು."

ಅವಳು ಕೈ ಚಾಚಿದಳು.

"ಆ ಮೂರನೇದು ನನಗೆ ಕೊಡಿ."

"ಬ್ಯಾಡ್ರೀ, ಹೊಲಸು."

"ಕೊಡಿ."

ಇಳಿಯುವಷ್ಟು ಹೊತ್ತೂ ವಾಸನೆ ಹೊಡೆಯುತ್ತಲೇ ಇತ್ತು. ಎರಡು ಸಲ ಓಕರಿಕೆ ಬಂತು. ಚೀಲವನ್ನು ಕೆಳಗಿನ ಕಸದ ತೊಟ್ಟಿಗೆ ಎಸೆದು, ಕೈ ತಿಕ್ಕಿ ತಿಕ್ಕಿ ತೊಳೆದು, ಅವಳು ಫೋನ್ ತೆಗೆದಳು.

"ಅಮ್ಮಾ, ಸುಮುಖ ಬೇಡ."

ಅಮ್ಮನ ಬೈಗುಳ ಪೂರ್ತಿ ಕೇಳಿಸಿಕೊಂಡು, ಕಾರಿನ ಬಳಿ ನಿಂತಿದ್ದ ಕರಿಬಸಪ್ಪನ ಹತ್ತಿರ ಬಂದಳು.

"ನಿಮಗೆ ನಮ್ಮ ಮನೆ ಇರೋ ಸ್ಕ್ರಿಪ್ಸ್ ರ್ಯಾಂಚ್ ದೂರಾನಾ?"

"ಎರಡು ತಾಸು. ನಿಮ್ಮ ಮನಿಗಂದ್ರ ದೂರಲ್ಲ."

"ಹಾಗಾದ್ರೆ ಶನಿವಾರ ಊಟಕ್ಕೆ ಬನ್ನಿ."

ಅವನು ತನ್ನ ಅಂಗಿ ಮೂಸಿ ನೋಡಿಕೊಂಡ. "ಜಳಕ ಮಾಡಿ ಬರ್ತೀನ್ರೀ."

"ಮಾಡಿ," ಅವಳು ಇನ್ನಷ್ಟು ಹತ್ತಿರ ನಿಂತು ನಕ್ಕಳು, "ಆದ್ರೆ ಬೇಗ ಬನ್ನಿ."