ತುಟಿ ದಾಟಿದ ಕೆಂಪು

“ಅಲುಗಾಡಬೇಡ, ಮೂತಿ ಕೋತಿದಾಗುತ್ತೆ,” ಎಂದರು ಡ್ಯಾನ್ಸ್ ಮಿಸ್. ಲಿಪ್‌ಸ್ಟಿಕ್ಕು ತುಟಿಯ ಗೆರೆ ದಾಟಿ ಬಲಗೆನ್ನೆಯ ಕಡೆ ಸರಿಯಿತು. ಸಿಳ್ಳೆ ಕನ್ನಡಿ ನೋಡಿಕೊಂಡಳು. ಮೂತಿ ಆಗಲೇ ಕೋತಿಯದಾಗಿತ್ತು.

ಮುಂದಿನ ಹಲ್ಲುಗಳ ನಡುವೆ ಸಂದಿಯಿದ್ದುದಕ್ಕೆ ಅವಳಿಗೆ ಆ ಹೆಸರು. ಇವತ್ತು ಸ್ಕೂಲ್ ಡೇ. ಎಂಟು ಹುಡುಗಿಯರು ‘ಮಿನುಗು’ ಪೌಡರಿನ ಹಳೇ ಜಾಹೀರಾತಿನ ಹಾಡಿಗೆ ಕುಣಿಯುವವರಿದ್ದರು. ರಿಹರ್ಸಲ್‌ನಲ್ಲಿ ಎರಡು ಸಲ ತಪ್ಪಿದ ಸಿಳ್ಳೆಯನ್ನು ಮಿಸ್ ಸಾಲಿನ ಕೊನೆಗೆ ತಳ್ಳಿದ್ದರು. ಇವತ್ತೂ ತಪ್ಪಿದರೆ ಮುಂದಿನ ವರ್ಷ ಡ್ಯಾನ್ಸೇ ಇಲ್ಲ.

ಆ ಪೌಡರು ನಿಂತುಹೋಗಿ ಯಾವ ಕಾಲವಾಯಿತೋ. ಆದರೆ ಡಬ್ಬದ ಮೇಲಿದ್ದ ಹುಡುಗಿ ಈಗ ಟೀ ಶರ್ಟು, ಮಗ್ಗು, ಮೊಬೈಲ್ ಸ್ಟಿಕ್ಕರು ಎಲ್ಲದರ ಮೇಲೂ ನಗುತ್ತಿದ್ದಳು. ಅವಳ ತುಟಿಯ ಕೆಂಪು ಸ್ವಲ್ಪ ಹೊರಗೆ ಸರಿದಿತ್ತು. ಅದೇ ಸ್ಟೈಲು ಅಂತ ದೊಡ್ಡ ಹುಡುಗಿಯರೂ ಹಾಗೇ ಬಳಿದುಕೊಂಡು ರೀಲ್ಸ್ ಮಾಡುತ್ತಿದ್ದರು. ಇವತ್ತು ಎಂಟೂ ಹುಡುಗಿಯರಿಗೆ ಮಿಸ್ ಬೇಕಂತಲೇ ಹಾಗೆ ಬಳಿದಿದ್ದರು.

ಸಿಳ್ಳೆ ಮನೆಯಲ್ಲೇ ಮರೆತಿದ್ದ ಸಾಕ್ಸ್ ಹಿಡಿದುಕೊಂಡು ತಾತ ಒಳಗೆ ಬಂದರು. ಅವಳನ್ನು ನೋಡಿದ್ದೇ ಅವರ ಮುಖ ಸಣ್ಣದಾಯಿತು.

“ಬಾ ಇಲ್ಲಿ. ಒರೆಸ್ತೀನಿ.”

“ಬೇಡ ತಾತ, ಹಾಗೇ ಇರ್ಬೇಕು. ಡಬ್ಬದ ಮೇಲೆ ಹಾಗೇ ಇದೆ.”

“ಡಬ್ಬದ ಮೇಲೆ ಹಾಗಿರಬಾರ್ದಿತ್ತು.”

ತಾತ ಪೌಡರ್ ಫ್ಯಾಕ್ಟರಿಯಲ್ಲಿದ್ದರು ಅನ್ನುವುದಷ್ಟೇ ಸಿಳ್ಳೆಗೆ ಗೊತ್ತಿತ್ತು. ಟೀವಿಯಲ್ಲಿ ಆ ಹಾಡು ಬಂದರೆ ಅವರು ನೀರು ಕುಡಿಯಲು ಎದ್ದುಹೋಗುತ್ತಿದ್ದರು.

“ಡಬ್ಬಕ್ಕೆ ಬಣ್ಣ ಒತ್ತೋ ಮಷೀನು ನಂದು,” ಎಂದರು ತಾತ. “ಒಂದಾದ ಮೇಲೆ ಒಂದು ಬಣ್ಣ. ಕೆಂಪು ಕೊನೇದು. ಅವತ್ತು ಅಚ್ಚು ಒಂಚೂರು ಜರುಗಿತ್ತು. ನಾನು ನೋಡೋ ಹೊತ್ತಿಗೆ ರಾಶಿ ಬಿದ್ದಿತ್ತು.”

“ಮಾರನೇ ದಿನ ಸರಿ ಮಾಡ್ಬೇಕಿತ್ತು.”

“ಮಾರನೇ ದಿನ ಫ್ಯಾಕ್ಟರಿ ಗೇಟಿಗೇ ಬೀಗ ಬಿತ್ತಲ್ಲ. ಕೊನೇ ಡಬ್ಬ ಅಂತ ಜನ ಅದನ್ನೇ ಎತ್ತಿಟ್ಕೊಂಡ್ರು. ಮೂವತ್ತು ವರ್ಷ ಸರಿಯಾಗಿ ಒತ್ತಿದ್ದು ಯಾರ ಹತ್ರನೂ ಇಲ್ಲ.”

ಸಿಳ್ಳೆಯ ತಲೆ ಗಿರ್ರೆಂದಿತು. ತಾತ ಮಾಡಿದ್ದು ತಪ್ಪು. ಊರಿಗೆಲ್ಲ ಇಷ್ಟವಾಗಿದ್ದೂ ಅದೇ. ಲೆಕ್ಕ ತಪ್ಪಿದರೆ ಯಾರಾದರೂ ಚಪ್ಪಾಳೆ ತಟ್ಟುತ್ತಾರಾ?

“ಎಲ್ರಿಗೂ ಇಷ್ಟ ಆಗಿದ್ಯಲ್ಲ ತಾತ?”

“ಆಗಿದೆ. ಯಾಕೆ ಅಂತ ನನಗೂ ಅರ್ಥ ಆಗ್ತಿಲ್ಲ ಮಗಾ.”

“ಎಲ್ರೂ ಲೈನಾಗಿ ಬನ್ನಿ,” ಎಂದು ಮಿಸ್ ಕರೆದರು. ತಾತ ಸಾಕ್ಸ್ ಕೊಟ್ಟು ಹೊರಟರು. ಸಿಳ್ಳೆಗೆ ಏನನ್ನಿಸಿತೋ, ಓಡಿಹೋಗಿ ಕನ್ನಡಿಯ ಮುಂದಿದ್ದ ಲಿಪ್‌ಸ್ಟಿಕ್ಕನ್ನು ಅವರ ಕೈಗಿಟ್ಟಳು.

“ಬೇಗ ತಾತ.”

ತಾತ ಕರ್ಚೀಫಿನಿಂದ ಒರೆಸಿದರು. ಗಲ್ಲ ಹಿಡಿದು, ಉಸಿರು ಬಿಗಿಹಿಡಿದು ಬಳಿದರು. ಕೆಂಪು ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ಸ್ಟೇಜಿನ ಪಕ್ಕ ನಿಂತಿದ್ದ ಮಿಸ್ ಕಣ್ಣು ಬಿಟ್ಟರು. “ಊರಿಗೊಂದು ದಾರಿ ಆದ್ರೆ ನಿನಗೊಂದು ದಾರಿನಾ?” ಅಷ್ಟರಲ್ಲಿ ಪರದೆ ಸರಿಯಿತು.

“ಕೊನೇ ಹುಡುಗಿ ಲಿಪ್‌ಸ್ಟಿಕ್ಕು ತಪ್ಪಾಗಿದೆ ನೋಡು,” ಎಂದು ಕೆಳಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಯಾರೋ ನಕ್ಕರು. ಸಿಳ್ಳೆಯ ಕಿವಿ ಬಿಸಿಯಾಯಿತು.

ತಾತ ಸ್ಟೇಜಿನ ಹತ್ತಿರವೇ ಗೋಡೆಗೆ ಒರಗಿ ನಿಂತಿದ್ದರು. ಅವರು ಡ್ಯಾನ್ಸ್ ನೋಡುತ್ತಿರಲಿಲ್ಲ. ನಿಂತಲ್ಲಿಂದಲೇ ಒಬ್ಬೊಬ್ಬರ ತುಟಿಯನ್ನೇ ನೋಡುತ್ತಾ ಬಂದರು. ಸಿಳ್ಳೆಯ ತುಟಿಗೆ ಬಂದಾಗ ಅವರ ಕಣ್ಣು ಅಲ್ಲೇ ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಏಳು ಹುಡುಗಿಯರು ಗಿರಕಿ ಹೊಡೆದು ಬೆನ್ನು ತಿರುಗಿಸಿದರು. ಸಿಳ್ಳೆ ತಿರುಗಲಿಲ್ಲ. ತಾತನ ಕಡೆಗೆ ಮುಖವೆತ್ತಿ, ಅವರು ನೋಡಿ ಮುಗಿಸಲಿ ಎಂದು ಅಲುಗಾಡದೆ ನಿಂತಳು.