ಮೆತ್ತನೆಯ ಚಕ್ರ

ಕಾಲುಚೀಲ ಇನ್ನೂ ಒದ್ದೆ!

ಮಗಳ ಉಣ್ಣೆಯ ಕಾಲುಚೀಲವನ್ನು ಬಿಸಿ ಪಾತ್ರೆಯ ಮುಚ್ಚಳದ ಮೇಲೆ ಹರಡಿ, ಅವಳು ಮಗುಚಿ ಮಗುಚಿ ಒಣಗಿಸುತ್ತಿದ್ದಳು. ಆರೂವರೆಗೆ ಮನೆ ಬಿಡಬೇಕು. ಮಗಳನ್ನು ಶಾಲೆಗೆ ಬಿಟ್ಟು, ಏಳಕ್ಕೆಲ್ಲ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳ ರಕ್ತದ ಮಾದರಿ ತೆಗೆಯಲು ನಿಲ್ಲಬೇಕು.

"ಅಮ್ಮಾ!" ಕಿಟಕಿಗೆ ಮೂಗು ಅಂಟಿಸಿ ನಿಂತಿದ್ದ ಆರು ವರ್ಷದ ಚಿನಕುರುಳಿ ಕೂಗಿದಳು. "ಯಾರೋ ನಮ್ಮ ಸೈಕಲ್ ಗಾಳಿ ಬಿಡ್ತಿದಾರೆ!"

ಕೈಯಲ್ಲಿ ಕಾಲುಚೀಲ ಹಿಡಿದೇ ಅವಳು ಮೆಟ್ಟಿಲಿಳಿದು ಓಡಿದಳು.

ಅವಳ ಸೈಕಲ್ಲಿನ ಪಕ್ಕ ಒಬ್ಬ ಕುಕ್ಕರಗಾಲಿನಲ್ಲಿ ಕೂತಿದ್ದ. ಕೆಳಗಿನ ಮಳಿಗೆಯಲ್ಲಿ ಹದಿನೈದು ದಿನದ ಹಿಂದೆ ಸೈಕಲ್ ರಿಪೇರಿ ಅಂಗಡಿ ತೆರೆದವನು! ಅವನ ಬೆರಳು ಹಿಂದಿನ ಚಕ್ರದ ವಾಲ್ವಿನ ಮೇಲಿತ್ತು. ಗಾಳಿ ಸುಯ್ಯೆನ್ನುತ್ತಿತ್ತು...

"ಏನ್ರೀ ಮಾಡ್ತಿದೀರಾ?"

ಅವನು ಬೆಚ್ಚಿ ಎದ್ದ. "ಅದು... ಚಳಿ... ರಸ್ತೆ..."

"ಎರಡು ದಿನದಿಂದ ಚಕ್ರ ಮೆತ್ತಗಿತ್ತು. ಪಂಕ್ಚರ್ ಇರ್ಬೇಕು ಅಂದ್ಕೊಂಡು ಸಂಜೆ ಸಂಜೆ ಗಾಳಿ ಹೊಡೀತಿದ್ದೆ. ಗಿರಾಕಿ ಹಿಡಿಯೋಕೆ ಇದೇನಾ ದಾರಿ? ನಾಚಿಕೆ ಆಗಲ್ವಾ?"

ಅವನ ಕಿವಿ ಕೆಂಪಾಯಿತು.

'ಇಂಥ ಕೆಲಸ ಮಾಡೋನಿಗೆ ಇಷ್ಟು ಸಾಧು ಕಣ್ಣು ಯಾಕೋ...' ಎಂದು ಅವಳಿಗೆ ಒಂದು ಕ್ಷಣ ಅನಿಸಿದ್ದೂ ನಿಜ. ಆದರೆ ಸಾಧು ಕಣ್ಣನ್ನು ಅವಳು ಹಿಂದೆಯೂ ಒಮ್ಮೆ ನಂಬಿದ್ದಳು. ಆ ಕಣ್ಣಿನವನು ಮಗಳಿಗೆ ವರ್ಷ ತುಂಬುವ ಮೊದಲೇ ಮನೆ ಬಿಟ್ಟು ಹೋಗಿದ್ದ. ಅಂದಿನಿಂದ ಅವಳದು ಒಂದೇ ಹಟ. ಯಾರ ಹಂಗೂ ಬೇಡ!

ಮನೆಯಿಂದ ಪಂಪು ತಂದು, ಚಕ್ರ ಕಲ್ಲಿನಂತಾಗುವವರೆಗೂ ಗಾಳಿ ಹೊಡೆದಳು.

"ಬೇಡ ಮೇಡಂ, ಅಷ್ಟೊಂದು..."

"ನಿಮ್ಮ ಉಪದೇಶ ನಿಮ್ಮ ಹತ್ರಾನೇ ಇರಲಿ!"

ಮಗಳನ್ನು ಹಿಂದಿನ ಸೀಟಿಗೆ ಕೂರಿಸಿ ಹೊರಟಳು. ಸೇತುವೆಯ ತಿರುವಿನಲ್ಲಿ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಹಿಂದಿನ ಚಕ್ರ ಸರ್ರನೆ ಜಾರಿತು!

ಆಕಾಶ, ದೀಪದ ಕಂಬ, ಮಗಳ ಕಿರುಚಾಟ... ದೇವರೇ!

ಇಬ್ಬರೂ ರಸ್ತೆ ಬದಿಯ ಹಿಮದ ಗುಡ್ಡೆಯ ಮೇಲೆ ಬಿದ್ದರು. ಅವಳು ತಡಬಡಿಸಿ ಮಗಳ ಕೈಕಾಲು ಸವರಿದಳು. ಒಂದು ಗೀರೂ ಆಗಿರಲಿಲ್ಲ. ಚಿನಕುರುಳಿ ಹೆಲ್ಮೆಟ್ಟಿನೊಳಗಿಂದ ಕಣ್ಣು ಪಿಳಿಪಿಳಿ ಬಿಟ್ಟು, "ಇನ್ನೊಂದ್ಸಲ ಬೀಳೋಣ್ವಾ ಅಮ್ಮಾ?" ಎಂದಳು.

ಅವಳು ಮಗಳನ್ನು ಅಪ್ಪಿಕೊಂಡು ನಕ್ಕಳು. ಅತ್ತಳು ಕೂಡ.

ಸೈಕಲ್ ತುಳಿಯುತ್ತಲೇ ತಲೆ ನರೆಸಿಕೊಂಡ ಅಂಚೆಯಜ್ಜ ಹಿಂದೆಯೇ ಬರುತ್ತಿದ್ದ. ಇಳಿದು, ಅವಳ ಚಕ್ರ ಒತ್ತಿ ನೋಡಿದ.

"ಅಯ್ಯೋ ತಾಯಿ, ಮಂಜುಗಡ್ಡೆ ಮೇಲೆ ಇಷ್ಟು ಬಿಗಿ ಚಕ್ರಾನಾ? ಒಂಚೂರು ಮೆತ್ತಗಿದ್ರೆ ಅಗಲವಾಗಿ ಊರಿ ನೆಲ ಹಿಡಿಯತ್ತೆ. ಚಳಿಗಾಲದಲ್ಲಿ ನಾವೆಲ್ಲ ಸ್ವಲ್ಪ ಗಾಳಿ ಬಿಟ್ಟೇ ಹೊರಡೋದು."

ಅವಳು ತಿರುಗಿ ಮಂಜುಗಟ್ಟಿದ ತಿರುವನ್ನೇ ನೋಡಿದಳು. ನಿನ್ನೆ, ಮೊನ್ನೆ ಇದೇ ತಿರುವು... ಚಕ್ರ ಜಾರಿರಲೇ ಇಲ್ಲ!

ಸಂಜೆ ಮಗಳ ಕೈ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತಳು. ಅವನು ದಬ್ಬಳದಿಂದ ಎಂಥದೋ ದಪ್ಪ ಬಟ್ಟೆ ಹೊಲಿಯುತ್ತಿದ್ದ.

"ಬೆಳಿಗ್ಗೆ ನಾವು ಬಿದ್ವಿ..."

ದಬ್ಬಳ ಕೆಳಗೆ ಬಿತ್ತು. "ಮಗೂಗೆ?"

"ಏನೂ ಆಗ್ಲಿಲ್ಲ."

ಮಗುವನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅವನು ಸ್ಟೂಲಿನ ಮೇಲೆ ಕುಸಿದು ಉಸಿರುಬಿಟ್ಟ.

"ತಪ್ಪಾಯ್ತು. ಆದ್ರೆ ಬಾಗಿಲು ತಟ್ಟಿ ಹೇಳ್ಬಾರ್ದಿತ್ತಾ?"

"ಎರಡು ದಿನ ಮೂರನೇ ಮೆಟ್ಟಿಲವರೆಗೂ ಬಂದೆ. ಬೆಳಬೆಳಿಗ್ಗೆ ಗುರುತಿಲ್ಲದ ಗಂಡಸು ಬಾಗಿಲು ತಟ್ಟಿದ್ರೆ ಏನಂದ್ಕೋತೀರೋ ಅಂತ ವಾಪಸ್ ಹೋದೆ."

"ಅದಕ್ಕೆ ಕಳ್ಳನ ಥರ ಗಾಳಿ ಬಿಟ್ರಾ!"

ಅವನು ತಲೆ ತುರಿಸಿಕೊಂಡ. ಮೊದಲ ಬಾರಿಗೆ ಇಬ್ಬರೂ ನಕ್ಕರು.

ಅವನು ಹೊಲಿಯುತ್ತಿದ್ದುದನ್ನು ಅವಳ ಮುಂದಿಟ್ಟ. ಎರಡು ಚೀಲ, ಒಳಗೆಲ್ಲ ಉಣ್ಣೆ. "ಹ್ಯಾಂಡಲ್‌ಗೆ ಕಟ್ಟೋದು. ಕೈ ಒಳಗಿಟ್ಕೊಂಡೇ ಬ್ರೇಕ್ ಹಿಡೀಬಹುದು. ಅಮ್ಮನ ಕೈ ತಣ್ಣಗಿರತ್ತೆ, ರಕ್ತ ತೆಗೆಯುವಾಗ ಎಲ್ರೂ ಬೈತಾರೆ ಅಂತ ಮೊನ್ನೆ ಅಂಗಡಿ ಮುಂದೆ ಆಡ್ತಾ ಮಗು ಹೇಳ್ತು..."

'ಯಾರ ಹಂಗೂ ಬೇಡ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಕೈ ಚೀಲದೊಳಗೆ ಸೇರಿಯಾಗಿತ್ತು. ಎಷ್ಟು ಬೆಚ್ಚಗೆ!

ಅಂದಿನಿಂದ ಪ್ರತಿ ಬೆಳಿಗ್ಗೆ ಅವನು ಚಕ್ರ ಒತ್ತಿ ನೋಡುತ್ತಿದ್ದ. ದಪ್ಪ ಕೋಟು ಒಂದರ ಬದಲು ತೆಳ್ಳಗಿನ ಮೂರು ಅಂಗಿ ಹಾಕಿದರೆ ಬೆವರಿ ನಡುಗುವುದು ತಪ್ಪುತ್ತದೆಂದು ಹೇಳಿಕೊಟ್ಟ. ಮಗಳ ಕೋಟಿಗೆ ಮಬ್ಬಿನಲ್ಲಿ ಹೊಳೆಯುವ ಪಟ್ಟಿ ಹೊಲಿದ.

ವಾರ್ಡಿನ ಅಜ್ಜಿಯೊಬ್ಬರು ತೋಳು ಚಾಚಿ ಕೇಳಿಯೇಬಿಟ್ಟರು. "ಏನೇ ಹುಡುಗಿ, ಈಚೆಗೆ ಕೈ ಬೆಚ್ಚಗಿದೆ? ಮುಖಾನೂ ಅರಳಿದೆ!"

"ಅಜ್ಜೀ, ಅಲ್ಲಾಡಬೇಡಿ, ಸೂಜಿ ಚುಚ್ತೀನಿ" ಎಂದು ಮಾತು ಮರೆಸಿದಳು.

ಸೈಕಲ್ಲಿನ ಹಿಂದಿನ ಸೀಟಿನವಳ ಮಾತು ಮರೆಸುವುದು ಅಷ್ಟು ಸುಲಭವಿರಲಿಲ್ಲ. "ಅಮ್ಮಾ, ಮಾಮಂಗೆ ಒಂದು ಪ್ರಶ್ನೆ ಕೇಳ್ಲಾ?"

"ಆಮೇಲೆ."

ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು. ಹೆದರಿಕೆಯಿದ್ದದ್ದು ಉತ್ತರಕ್ಕೆ...

ಒಂದು ಬೆಳಿಗ್ಗೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಎರಡೂ ಚಕ್ರಕ್ಕೆ ಬಿಗಿಯಾಗಿ ಗಾಳಿ ತುಂಬಿದ.

"ಇನ್ನು ಮಂಜು ಕಟ್ಟಲ್ಲ. ದಿನಾ ನೋಡ್ಬೇಕಾಗಿಲ್ಲ." ಹ್ಯಾಂಡಲ್ಲಿನ ಚೀಲದ ದಾರಕ್ಕೆ ಕೈ ಹಾಕಿದ.

ಅವಳು ಆ ಕೈಯನ್ನು ತಡೆದಳು. "ಬಿಚ್ಚಬೇಡಿ."

"ಬೇಸಿಗೆಗೆ ಸೆಕೆಯಾಗತ್ತೆ..."

"ಆಗ್ಲಿ. ನಿಮಗೆ... ಅರ್ಥ ಆಗಲ್ವಾ?"

ಅವನು ದಾರವನ್ನು ಬಿಟ್ಟ. ಕಿವಿ ಅಂದಿನ ಹಾಗೆಯೇ ಕೆಂಪಾಗಿತ್ತು. "ಅರ್ಥ ಆಗಿ ಎಷ್ಟೋ ದಿನ ಆಯ್ತು. ಮೂರನೇ ಮೆಟ್ಟಿಲು ದಾಟೋ ಧೈರ್ಯ ಬರ್ಲಿಲ್ಲ, ಅಷ್ಟೇ."

"ಬಂದು ತಟ್ಟಿ. ಬಾಗಿಲು ತೆಗೀತೀನಿ."

ಎಷ್ಟೋ ವರ್ಷದಿಂದ ಬಿಗಿಹಿಡಿದಿದ್ದ ಉಸಿರು ಅವಳ ಎದೆಯಿಂದ ಹಗುರವಾಗಿ ಹೊರಬಿತ್ತು.

"ಅಮ್ಮಾ," ಸೀಟಿನಲ್ಲಿ ಕಾಲಾಡಿಸುತ್ತಿದ್ದ ಚಿನಕುರುಳಿಯ ತಾಳ್ಮೆ ಮುಗಿದಿತ್ತು, "ಈಗಲಾದ್ರೂ ಕೇಳ್ಲಾ?"

ಅವಳು ಈ ಸಲ 'ಆಮೇಲೆ' ಎನ್ನಲಿಲ್ಲ. "ಕೇಳು ಕಂದಾ."

ಮಗಳು ಹೆಲ್ಮೆಟ್ಟನ್ನು ಹಿಂದಕ್ಕೆ ಸರಿಸಿ, ಅವನ ಮುಖವನ್ನೇ ನೋಡುತ್ತಾ ಕೇಳಿದಳು.

"ಮಾಮಾ, ಚಳಿ ಹೋದ್ಮೇಲೂ ನೀವು ನಮ್ಮ ಜೊತೇಲೇ ಇರ್ತೀರಾ?"