ದಣಿದ ನೀಲಿ

“ಕೈ ತೆಗೀರಿ! ಮೊದ್ಲು ಕೈ ತೆಗೀರಿ ಅಂದೆ!”

ಹಿಂದಿನಿಂದ ಬಂದ ಗದರಿಕೆಗೆ ಹೇರಿನ್ ಬೆಚ್ಚಿಬಿದ್ದಳು. ಅವಳ ಬಲಗೈ ಮೊಣಕೈವರೆಗೂ ಬಣ್ಣದ ಹರವಿಯೊಳಗಿತ್ತು. ಕೊರಿಯಾದ ನಾಜು ಪಟ್ಟಣದಲ್ಲಿ ನೀಲಿಸೊಪ್ಪಿನ ಬಣ್ಣ ಹಾಕುವವರು ಯಾರಿದ್ದಾರೆಂದು ಹುಡುಕಿಕೊಂಡು ಬಂದವಳು, ಅಂಗಳದಲ್ಲಿ ಯಾರೂ ಕಾಣದ್ದಕ್ಕೆ ತಾನೇ ಒಂದು ತುಂಡು ರೇಷ್ಮೆಯನ್ನು ಅದ್ದಿ ನೋಡುತ್ತಿದ್ದಳು.

ತಿರುಗಿದಳು. ಎತ್ತರದ ಆಳು. ಉಗುರೆಲ್ಲ ನೀಲಿ. ಮುಖದ ತುಂಬ ಸಿಟ್ಟು.

“ಇವತ್ತು ಅದಕ್ಕೆ ರಜೆ!”

“ಯಾರಿಗೆ?”

“ಹರವಿಗೆ.”

ಹೇರಿನ್ ನಕ್ಕುಬಿಟ್ಟಳು. “ಹರವಿಗೂ ರಜೆ ಕೊಡ್ತೀರಾ? ನಂಗೇ ಇಲ್ಲ ರಜೆ!”

“ಅದು ನಿಮ್ ಮುಖ ನೋಡಿದ್ರೇನೇ ಗೊತ್ತಾಗುತ್ತೆ” ಎಂದ ಅವನು. ಆಮೇಲೆ ಒಗೆದ ಬಟ್ಟೆಯೊಂದನ್ನು ತಂದು, ಅವಳ ಮೊಣಕೈಯಿಂದ ಬೆರಳಿನವರೆಗೆ ಇಳಿಯುತ್ತಿದ್ದ ಬಣ್ಣವನ್ನು ತಾನೇ ಒರೆಸಿದ. ಬೈದದ್ದು ಅದೇ ಬಾಯಿ, ಒರೆಸಿದ್ದು ಮಾತ್ರ ಎಷ್ಟು ಮೆತ್ತಗೆ!

ಅವನ ಹೆಸರು ಮುನ್‌ಹೋ. ಆ ಹರವಿಯ ನೀಲಿ ಅವನ ತಾಯಿ ಹುಳಿಸಿಟ್ಟದ್ದು. ಮೊಸರಿಗೆ ಹೆಪ್ಪು ಉಳಿಸಿಕೊಂಡು ಬರುತ್ತೇವಲ್ಲ, ಹಾಗೆ ಆ ಹಳೆಯ ನೀರಿನಲ್ಲೇ ಸ್ವಲ್ಪ ಉಳಿಸಿ, ಹೊಸ ಬೂದಿನೀರು ಬೆರೆಸಿ, ತಾಯಿ ಹೋದ ಮೇಲೂ ಅದನ್ನು ಬದುಕಿಸಿಕೊಂಡು ಬಂದಿದ್ದ. ಒಂದು ದಿನ ಬಟ್ಟೆ ಅದ್ದಿದರೆ ಮರುದಿನ ಮುಚ್ಚಳ ತೆಗೆಯುತ್ತಿರಲಿಲ್ಲ.

ಹೇರಿನ್ ಉಡುಗೊರೆ ಸುತ್ತುವ ಬಟ್ಟೆಗಳನ್ನು ವಿನ್ಯಾಸ ಮಾಡುವವಳು. ರೇಷ್ಮೆ, ಸೆಣಬಿನ ತುಂಡುಗಳನ್ನು ಜೋಡಿಸಿ ಹೊಲಿದು ತನ್ನದೇ ಹೆಸರಿನಲ್ಲಿ ಮಾರುತ್ತಿದ್ದಳು. ವಿನ್ಯಾಸವೂ ಅವಳೇ, ಹೊಲಿಗೆಯೂ ಅವಳೇ, ಫೋಟೊ ತೆಗೆಯುವವಳೂ, ಪಾರ್ಸೆಲ್ ಕಟ್ಟುವವಳೂ, “ನಿಮ್ಮ ಬಟ್ಟೆ ಇನ್ನೂ ಬಂದಿಲ್ಲ” ಎಂಬ ಬೈಗುಳಕ್ಕೆ ಉತ್ತರಿಸುವವಳೂ ಅವಳೇ.

ಪ್ರೀತಿಯಾಯಿತು. ಬಟ್ಟೆ ಕೊಡಲು ಬಂದು ಬಂದೇ ಆಯಿತು ಎನ್ನಿ. ಮುನ್‌ಹೋನ ಚಿಕ್ಕಮ್ಮ ಬೀದಿಯ ತುದಿಯಲ್ಲಿ ಸಾರು-ಅನ್ನದ ಅಂಗಡಿ ಇಟ್ಟಿದ್ದಳು. ಇಬ್ಬರೂ ಅಲ್ಲಿ ಎದುರುಬದುರು ಕೂತು ಉಣ್ಣುತ್ತಿದ್ದರು. ಅವನು ಉಣ್ಣುತ್ತಿದ್ದ, ಅವಳು ಫೋನಿನಲ್ಲಿ ಗಿರಾಕಿಗೆ ಉತ್ತರ ಬರೆಯುತ್ತಿದ್ದಳು.

“ಏನೇ, ಚಮಚ ಬಾಯಿಗೆ ಹೋಗ್ತಿದ್ಯೋ ಫೋನಿಗೆ ಹೋಗ್ತಿದ್ಯೋ?” ಎಂದು ಚಿಕ್ಕಮ್ಮ ಚುಚ್ಚುವಳು. “ಲೋ ಮುನ್‌ಹೋ, ನಿನ್ ಹುಡುಗಿಗಿಂತ ನನ್ ಅಂಗಡಿ ಬೆಕ್ಕೇ ವಾಸಿ ಕಣೋ. ಅದು ಊಟದ ಹೊತ್ತಲ್ಲಾದ್ರೂ ತಟ್ಟೆ ನೋಡುತ್ತೆ!”

ಮುನ್‌ಹೋ ನಗುತ್ತಿದ್ದ. ಆದರೆ ಒಮ್ಮೆ ದಾರಿಯಲ್ಲಿ ಕೇಳಿದ. “ಒಂದು ಆರ್ಡರ್‌ಗಾದ್ರೂ ಇಲ್ಲ ಅನ್ನೋಕಾಗಲ್ವಾ ಹೇರಿನ್?”

“ಒಂದ್ಸಲ ಇಲ್ಲ ಅಂದ್ರೆ ಅವರು ಮತ್ತೆ ಬರಲ್ಲ. ನಾನು ನಿಂತ್ರೆ ನನ್ ಹೆಸರೂ ನಿಲ್ಲುತ್ತೆ. ನಿಂಗೆ ಅರ್ಥ ಆಗಲ್ಲ ಬಿಡು!”

ಅವನಿಗೆ ಅರ್ಥವಾಗುತ್ತಿತ್ತು.

ಹಿರಿಯರನ್ನು ನೆನೆಯುವ ಸುಗ್ಗಿಯ ಹಬ್ಬ ಚುಸೊಕ್ ಹತ್ತಿರ ಬಂತು. ನಾಜುವಿನ ಮರಸೇಬು ಪೆಟ್ಟಿಗೆಗಳೆಲ್ಲ ಉಡುಗೊರೆಯಾಗಿ ಹೊರಡುವ ಕಾಲ. ಸಿಯೋಲಿನ ದೊಡ್ಡ ಅಂಗಡಿಯೊಂದು ಆ ಪೆಟ್ಟಿಗೆಗಳಿಗೆ ಸುತ್ತುವ ಬಟ್ಟೆಯನ್ನೆಲ್ಲ ಹೇರಿನ್‌ಗೇ ಒಪ್ಪಿಸಿತ್ತು.

ಆ ವಾರವೇ ಮುನ್‌ಹೋ ಅವಳೆದುರು ತಲೆ ಕೆರೆಯುತ್ತ ನಿಂತ.

“ಭಾನುವಾರ ಬಿಗುಮ್ ದ್ವೀಪಕ್ಕೆ ಹೋಗ್ತೀನಿ. ಹಬ್ಬಕ್ಕೆ ಮುಂಚೆ ಅಮ್ಮನ ಸಮಾಧಿ ಮೇಲಿನ ಹುಲ್ಲು ಕೊಯ್ಬೇಕು... ನೀನೂ ಬರ್ತೀಯಾ?”

ಹಬ್ಬದ ಹುಲ್ಲು ಕೊಯ್ಯಲು ಯಾವ ಗಂಡಸೂ ಸುಮ್ಮಸುಮ್ಮನೆ ಒಬ್ಬಳನ್ನು ತಾಯಿಯ ಸಮಾಧಿಗೆ ಕರೆದೊಯ್ಯುವುದಿಲ್ಲ. ಅಲ್ಲಿ ಅವನ ಬಂಧುಗಳೆಲ್ಲ ಇರುತ್ತಾರೆ. ಉಂಗುರ ತಂದು ಮಂಡಿಯೂರುವುದಕ್ಕಿಂತ ದೊಡ್ಡ ಮಾತು ಅದು!

“ಬರ್ತೀನಿ!” ಎಂದಳು. ಕಣ್ಣು ತುಂಬಿತ್ತು.

ಶನಿವಾರ ಸಿಯೋಲಿನಿಂದ ಫೋನ್ ಬಂತು. ಬಟ್ಟೆ ಇನ್ನಷ್ಟು ಬೇಕು, ಮಂಗಳವಾರದೊಳಗೆ ಬೇಕು, ಕಡುನೀಲಿಯೇ ಬೇಕು.

‘ಆಗಲ್ಲ ಅಂತ ಹೇಳು ಹೇರಿನ್... ಹೇಳೇ...’ ಒಳಗೊಳಗೇ ಒಂದು ದನಿ ಬೇಡಿಕೊಂಡಿತು.

“ಖಂಡಿತ ಮೇಡಂ. ಆಗುತ್ತೆ” ಎಂದಿತು ಬಾಯಿ.

ಭಾನುವಾರ ಬೆಳಿಗ್ಗೆ ಅವನ ಅಂಗಳಕ್ಕೆ ಬಂದು ಮುನ್‌ಹೋಗೆ ಹೇಳಿದಳು. “ನೀನು ಮುಂದೆ ಹೋಗಿರು. ಒಂಚೂರು ಕೆಲ್ಸ ಮುಗ್ಸಿ ಎರಡನೇ ಬೋಟಿಗೆ ಬರ್ತೀನಿ.”

“ಬರ್ತೀಯಾ ತಾನೇ?”

“ಬರ್ತೀನಿ ಅಂದ್ನಲ್ಲ!”

ಅವನು ಹೋದ. ಅವಳು ಹರವಿಯ ಮುಚ್ಚಳ ತೆಗೆದಳು. ಹಿಂದಿನ ದಿನವಷ್ಟೇ ದುಡಿದ ಹರವಿ ಅದು. ಅದರ ರಜೆಯ ದಿನ ಎಂದು ಅವಳಿಗೆ ಗೊತ್ತಿತ್ತು. ‘ನಾಲ್ಕು ಬಟ್ಟೆ ಅದ್ದಿದ್ರೆ ಏನಾಗುತ್ತೆ?’ ಅಂದುಕೊಂಡಳು. ಹಸಿರಾಗಿ ಮೇಲೆದ್ದ ಬಟ್ಟೆ ಗಾಳಿಗೆ ನೀಲಿಯಾಗುತ್ತ ಬಂತು. ಇನ್ನು ನಾಲ್ಕು. ಮತ್ತೂ ನಾಲ್ಕು. ಮಧ್ಯಾಹ್ನಕ್ಕೆ ಬಣ್ಣ ತೆಳುವಾಯಿತು. ಅದಕ್ಕೆ ಇನ್ನೂ ಹೆಚ್ಚು ಹೊತ್ತು ಅದ್ದಿದಳು, ಕಲಕಿದಳು, ಹಿಂಡಿದಳು. ಮೇಲೆ ಹೂವಿನಂತೆ ನಿಂತಿರುತ್ತಿದ್ದ ನೀಲಿ ನೊರೆ ಒಡೆದುಹೋಯಿತು. ಎರಡನೇ ಬೋಟು ಹೊರಟಿತು, ಮೂರನೆಯದೂ ಹೊರಟಿತು. ಬಟ್ಟೆಯ ರಾಶಿಯ ಕೆಳಗೆ ಫೋನು ಗುಂಯ್‌ಗುಡುತ್ತಲೇ ಇತ್ತು.

ನೋಡಿ, ಮುಖವನ್ನೇ ಕಾಣದ ಗಿರಾಕಿಯನ್ನು ಕಾಯಿಸಲು ನಮಗೆಷ್ಟು ಭಯ! ಪ್ರೀತಿಸುವವರನ್ನು ಮಾತ್ರ ಎಷ್ಟು ಸಲೀಸಾಗಿ ಕಾಯಿಸಿಬಿಡುತ್ತೇವೆ.

ಕೂತಲ್ಲೇ ನಿದ್ದೆ ಹೋದವಳಿಗೆ ಎಚ್ಚರವಾದಾಗ ಸೋಮವಾರದ ಬಿಸಿಲು ಅಂಗಳಕ್ಕೆ ಬಂದಿತ್ತು. ಮುನ್‌ಹೋ ಹರವಿಯ ಪಕ್ಕ ನಿಂತಿದ್ದ. ಬಗ್ಗಿ ವಾಸನೆ ನೋಡಿದ. ಬೆರಳದ್ದಿ ನೋಡಿದ. ಬೆರಳಿಗೆ ನೀಲಿಯ ಬದಲು ಮಣ್ಣಿನ ಬಣ್ಣ ಹತ್ತಿತು. ಅವನು ಮೆಲ್ಲಗೆ ಮುಚ್ಚಳ ಹಾಕಿದ.

“ಮುನ್‌ಹೋ... ನಾನು... ಹರವಿ...”

“ಊಟ ಮಾಡಿದ್ಯಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಪ್ರಶ್ನೆಗೆ ಅವಳ ಜೀವ ಬಾಯಿಗೆ ಬಂತು.

“ಇಲ್ಲ...”

“ಹೋಗಿ ಉಣ್ಣು. ಆಮೇಲೆ ಮನೆಗೆ ಹೋಗಿ ಮಲಗು.” ಅವನ ಕಣ್ಣು ಕೆಂಪಾಗಿತ್ತು. ಅವಳತ್ತ ನೋಡದೆ ಒಳಗೆ ಹೋದ.

ಆಮೇಲೆ ಅವನು ಫೋನ್ ಮಾಡಲಿಲ್ಲ. ಅವಳಿಗೂ ಧೈರ್ಯ ಬರಲಿಲ್ಲ. ‘ಅವನ ಅಮ್ಮನ ಹರವಿಯನ್ನ ಕೊಂದವಳು ನಾನು. ಯಾವ ಮುಖ ಇಟ್ಕೊಂಡು ಹೋಗ್ಲಿ?’ ಅದನ್ನು ಮರೆಯಲು ಅವಳಿಗೆ ಗೊತ್ತಿದ್ದ ದಾರಿ ಒಂದೇ, ಇನ್ನಷ್ಟು ಕೆಲಸ. ಸಿಯೋಲಿಗೆ ಬಟ್ಟೆ ಕಳಿಸಿದಳು. ಹೊಸ ಆರ್ಡರ್ ಹಿಡಿದಳು. ಹಬ್ಬದ ಹಿಂದಿನ ದಿನ ಹೊಲಿಯುತ್ತಿದ್ದಾಗ ಸೂಜಿ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಿಲ್ಲ. ಮತ್ತೆ ಯತ್ನಿಸಿದಳು. ಆಗಲಿಲ್ಲ! ತನ್ನದೇ ಕೈ, ತನ್ನ ಮಾತು ಕೇಳುತ್ತಿಲ್ಲ.

ಹೆದರಿಕೆಯಲ್ಲಿ ಎದ್ದು ಹೊರಟವಳು ಚಿಕ್ಕಮ್ಮನ ಅಂಗಡಿ ಸೇರಿದಳು. ಚಿಕ್ಕಮ್ಮ ಸಾರು ಬಡಿಸಿದಳು. ಚಮಚ ಹಿಡಿಯಲಾಗದೆ ಹೇರಿನ್ ಬಟ್ಟಲಿನ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು.

“ಅವನು ನನ್ನ ಯಾವತ್ತೂ ಕ್ಷಮಿಸಲ್ಲ ಚಿಕ್ಕಮ್ಮ... ಆ ಹರವಿ...”

“ಹರವಿಯಂತೆ ಹರವಿ!” ಚಿಕ್ಕಮ್ಮ ಸೌಟು ಕುಕ್ಕಿದಳು. “ಅದು ಸತ್ತಿದ್ದಕ್ಕೆ ಅವನು ಒಂದು ದಿನ ಸಿಟ್ಟು ಮಾಡ್ದ, ಮುಗೀತು. ಅವನು ಅತ್ತಿದ್ದು ಅದಕ್ಕಲ್ಲ ಕಣೇ ಹುಚ್ಚಿ. ಅವತ್ತು ಅಕ್ಕನ ಸಮಾಧಿಗೆ ನಾನೂ ಹೋಗಿದ್ದೆ. ಒಂದೊಂದು ಬೋಟು ಬಂದಾಗ್ಲೂ ಕುಡುಗೋಲು ಬಿಟ್ಟು ಓಡಿ ಹೋಗಿ ದಡದಲ್ಲಿ ನಿಲ್ತಿದ್ದ. ‘ಎಲ್ಲೋ ನಿನ್ ಹುಡುಗಿ?’ ಅಂತ ದೊಡ್ಡಪ್ಪಂದಿರೆಲ್ಲ ನಗ್ತಿದ್ರು. ಕಡೇ ಬೋಟೂ ಬಂತು. ಆಮೇಲೆ ಬಂದು ಒಬ್ನೇ ಬಗ್ಗಿ, ‘ಅಮ್ಮಾ, ಅವ್ಳಿಗೆ ಕೆಲ್ಸ ಇತ್ತು, ನೀನು ಬೇಜಾರು ಮಾಡ್ಕೋಬೇಡ’ ಅಂದ. ನನ್ ಕರುಳು ಕಿವುಚಿ ಬಂತು!”

ಹೇರಿನ್ ಕಣ್ಣೊರೆಸಿಕೊಂಡಳು. ‘ಇಷ್ಟು ದಿನ ತಪ್ಪು ಸಾವಿಗೆ ಅಳ್ತಿದ್ನಾ ನಾನು?’

“ಈಗ ಎಲ್ಲಿದ್ದಾನೆ?”

“ಹಬ್ಬಕ್ಕೆ ದ್ವೀಪಕ್ಕೆ ಹೋದ. ಹಬ್ಬ ಆದ್ಮೇಲೆ ಅಲ್ಲೇ ಉಪ್ಪಿನ ಗದ್ದೆ ನೋಡ್ಕೋತೀನಿ ಅಂತಿದ್ದ. ವಾಪಸ್ ಬರ್ತಾನೋ ಇಲ್ವೋ, ನಂಗೂ ಗೊತ್ತಿಲ್ಲ.”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅದೇ ಸಿಯೋಲಿನ ಮೇಡಂ. ಮದುವೆ ಕಾಲಕ್ಕೆ ಹೊಸ ಬಟ್ಟೆಗಳು ಬೇಕು, ಹಬ್ಬದ ಮರುದಿನವೇ ಶುರು ಮಾಡಬಹುದಾ?

“ಆಗಲ್ಲ ಮೇಡಂ.”

“ಏನಂದ್ರಿ?”

“ನನ್ ಕೈಲಿ ಆಗಲ್ಲ. ಕೆಲವು ತಿಂಗಳು ಆಗಲ್ಲ. ಆಮೇಲೂ ನೀವು ಕೇಳಿದಷ್ಟು ಆಗಲ್ಲ.”

“ಹಾಗಿದ್ರೆ ನಾವು ಬೇರೆಯವರನ್ನ ನೋಡ್ಕೋಬೇಕಾಗುತ್ತೆ, ಹೇರಿನ್ ಅವರೇ.”

“ನೋಡ್ಕೊಳ್ಳಿ...”

ಫೋನಿಟ್ಟವಳಿಗೆ ಹಗುರವೇನೂ ಅನಿಸಲಿಲ್ಲ. ಕಟ್ಟಿದ ಹೆಸರು ಕಣ್ಣೆದುರೇ ಜಾರಿದ ಸಂಕಟ. ಚಿಕ್ಕಮ್ಮ ಪಕ್ಕದಲ್ಲಿ ಕೂತು, ಸಾರಿನಲ್ಲಿ ಅನ್ನ ಕಲಸಿ, ಮಗುವಿಗೆ ಉಣಿಸುವಂತೆ ಉಣಿಸಿದಳು. ಹೇರಿನ್ ಅಳುತ್ತಲೇ ಉಂಡಳು.

ಹಬ್ಬದ ಬೆಳಿಗ್ಗೆ ಮೊಕ್ಪೊ ಬಂದರಿನಿಂದ ದ್ವೀಪಕ್ಕೆ ಹೊರಟ ಬೋಟು ತುಂಬಿ ತುಳುಕುತ್ತಿತ್ತು. ಪಕ್ಕದ ಅಜ್ಜಿಯ ಮಡಿಲಲ್ಲಿ ಮರಸೇಬಿನ ಪೆಟ್ಟಿಗೆ. ಅದಕ್ಕೆ ಸುತ್ತಿದ್ದದ್ದು ಹೇರಿನ್ ಹೊಲಿದ ಬಟ್ಟೆ!

“ಬಟ್ಟೆ ಚೆನ್ನಾಗಿದೆ ಅಲ್ವಾ ಅಜ್ಜಿ?” ಹೇರಿನ್ ಕೇಳಿದಳು.

“ಹೂಂ, ಗಟ್ಟಿಯಾಗಿದೆ. ಮಗ ಸಿಯೋಲಿಂದ ಕಳ್ಸಿದ್ದು. ಹಣ್ಣು ತಿಂದ್ಮೇಲೆ ಮೆಣಸಿನಕಾಯಿ ಒಣಹಾಕೋಕೆ ಆಗುತ್ತೆ” ಎಂದಳು ಅಜ್ಜಿ ಸಂತೋಷದಿಂದ. “ಬಟ್ಟೆ ಕಳ್ಸೋ ಬದ್ಲು ಅವನೇ ಬಂದಿದ್ರೆ ಇನ್ನೂ ಚೆನ್ನಾಗಿತ್ತು ನೋಡು.”

ಹೇರಿನ್ ಸಮುದ್ರದತ್ತ ಮುಖ ತಿರುಗಿಸಿಕೊಂಡಳು.

ದ್ವೀಪದಲ್ಲಿ ಕೇಳಿ ಕೇಳಿ, ಉಪ್ಪಿನ ಗದ್ದೆ ದಾಟಿ ಗುಡ್ಡ ಹತ್ತಿದಳು. ಮುನ್‌ಹೋನ ಮನೆಯವರೆಲ್ಲ ಇನ್ನೂ ಮನೆಯಲ್ಲಿ ಹಿರಿಯರ ಪೂಜೆಯಲ್ಲಿದ್ದರು. ಸಮಾಧಿಯ ಹತ್ತಿರ ಯಾರೂ ಇರಲಿಲ್ಲ. ದುಂಡನೆಯ ದಿಬ್ಬದ ಮೇಲಿನ ಹುಲ್ಲು ನೀಟಾಗಿತ್ತು. ಅದನ್ನು ಅವನು ಒಬ್ಬನೇ ಕೊಯ್ದಿದ್ದ.

ಹೇರಿನ್ ಮಂಡಿಯೂರಿ, ಹಣೆಯನ್ನು ನೆಲಕ್ಕೆ ತಾಗಿಸಿ ನಮಸ್ಕರಿಸಿದಳು. ಏಳಲಿಲ್ಲ.

“ಅಮ್ಮಾ... ನಾನು ಹೇರಿನ್. ತಡವಾಗಿ ಬಂದೆ. ನಿಮ್ ಹರವೀನ ನಾನೇ ಸಾಯಿಸಿದ್ದು. ನಿಮ್ ಮಗನ್ನೂ ದಡದಲ್ಲಿ ನಿಲ್ಲಿಸಿ ಸಾಯಿಸ್ದೆ. ಕೆಲ್ಸ ನಿಲ್ಸಿದ್ರೆ ನಾನು ಯಾರೂ ಅಲ್ಲ ಅನ್ಸುತ್ತೆ ಅಮ್ಮ... ಈಗ ಕೈಯೂ ನಡೀತಿಲ್ಲ. ಈಗ ನಾನು ನಿಜವಾಗ್ಲೂ ಯಾರೂ ಅಲ್ಲ. ಆದ್ರೂ ಅವನು ಬೇಕು ನಂಗೆ... ತುಂಬಾ ಬೇಕು...”

ಹಿಂದೆ ಹುಲ್ಲಿನ ಮೇಲೆ ಹೆಜ್ಜೆ ನಿಂತದ್ದು ಅವಳಿಗೆ ಕೇಳಿಸಿರಲಿಲ್ಲ.

“ಸತ್ತವರಿಗೆ ಎರಡು ಸಲ ನಮಸ್ಕಾರ ಮಾಡ್ಬೇಕು” ಎಂದಿತು ಒಡೆದ ದನಿ. “ಒಂದು ಸಲ ಮಾಡೋದು ಬದುಕಿರೋರಿಗೆ.”

ಹೇರಿನ್ ತಲೆಯೆತ್ತಿದಳು. ಮುನ್‌ಹೋ. ಕೈಯಲ್ಲಿ ಹಬ್ಬದ ಮದ್ಯದ ಕುಡಿಕೆ, ಕೆನ್ನೆಯ ಮೇಲೆ ನೀರು.

“ಗೊತ್ತು” ಎಂದಳು. “ಗೊತ್ತಿದ್ದೇ ಒಂದ್ಸಲ ಮಾಡಿದ್ದು.”

“ಯಾಕೆ?”

“ಮನೆಗೆ ಬಂದ ಸೊಸೆ ಅತ್ತೆಗೆ ಒಂದೇ ಸಲ ತಾನೇ ಮಾಡೋದು...”

ಅವನು ಕುಡಿಕೆಯನ್ನು ಕೆಳಗಿಟ್ಟು ಅವಳ ಪಕ್ಕ ಕೂತ.

“ನಾನೂ ಬಾಯ್ಬಿಟ್ಟು ಹೇಳ್ಬೇಕಿತ್ತು ಹೇರಿನ್. ಹರವಿಗಲ್ಲ ನಾನು ಅತ್ತಿದ್ದು ಅಂತ. ನಿನ್ ಕೆಲ್ಸದ ಮುಂದೆ ನಾನು ಗೆಲ್ಲಲ್ಲ ಅನ್ಕೊಂಡು ಓಡಿಬಂದೆ.” ಅವಳ ಮಡಚದ ಬೆರಳುಗಳನ್ನು ಹಿಡಿದ. ಒಂದೊಂದನ್ನೇ ಮೆಲ್ಲಗೆ ಉಜ್ಜಿದ. “ನೋವಿದ್ಯಾ?”

“ಇದೆ. ನಾಳೆಯಿಂದ ಕೆಲ್ಸ ಇಲ್ಲ ನಂಗೆ. ಭಯ ಆಗ್ತಿದೆ ಮುನ್‌ಹೋ. ಬೆಳಿಗ್ಗೆ ಎದ್ದು ಏನ್ ಮಾಡ್ಲಿ?”

“ಏನೂ ಮಾಡ್ಬೇಡ.”

“ಏನೂ ಮಾಡ್ದೇ ಇರೋ ನನ್ನ ಯಾರು ಇಟ್ಕೋತಾರೆ?”

ಅವನು ಅವಳ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡ. ದೂರದಲ್ಲಿ ಅವನ ದೊಡ್ಡಪ್ಪಂದಿರ ಮಾತು ಗುಡ್ಡ ಹತ್ತಿ ಬರುತ್ತಿತ್ತು. ಅವನು ಅವಳನ್ನು ಬಿಡಲಿಲ್ಲ.

“ನಾನು” ಎಂದ.